ಕೊಳವೆ ಬಾವಿ ಕೊರೆಸುವ ಮುನ್ನ ನೆಲವನ್ನು ಪರೀಕ್ಷಿಸಿರಿ



ಯಲಹಂಕ, ಹೆಬ್ಬಾಳದ ಸುತ್ತಮುತ್ತ ಸಾಲ ಮಾಡಿ ಕೊಳವೆ ಬಾವಿ ಕೊರೆಸಿ, ನೀರಿನ ಬದಲು ಕಲ್ಲಿನ ಪುಡಿಯನ್ನಷ್ಟೇ ಕಂಡ ರೈತರುಂಟು. ಒಂದು ಬಾವಿ ವಿಫಲವಾದೊಡನೆ ಪಕ್ಕದಲ್ಲೇ ಇನ್ನೊಂದನ್ನು ಕೊರೆಸಿ ನಷ್ಟವನ್ನು ಇಮ್ಮಡಿ ಮಾಡಿಕೊಳ್ಳುವವರೂ ಉಂಟು. ಇದನ್ನು ತಗ್ಗಿಸಲು ವಿದ್ಯುತ್ ನಿರೋಧಕತೆಯ ಪರೀಕ್ಷೆ ನೆರವಾಗುತ್ತದೆ.

ನೀರು ಇರುವುದೆಲ್ಲಿ?

ಈ ಭಾಗದ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಕಲ್ಲು. ಇಡೀ ಬಂಡೆಯಲ್ಲಿ ನೀರು ನಿಲ್ಲದು. ಮೇಲಿನ ಶಿಥಿಲಗೊಂಡ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ ಸೇರಿಕೊಂಡಿರುತ್ತದೆ. ಆದ್ದರಿಂದಲೇ ಬದುವಿನ ಈಚೆ ನೀರು ಸಿಕ್ಕರೂ ಆಚೆ ಸಿಗದಿರಬಹುದು.

ಪರೀಕ್ಷೆಯ ವಿಧಾನ

ಒಂದೇ ಸಾಲಿನಲ್ಲಿ ನಾಲ್ಕು ಲೋಹದ ಗೂಟಗಳನ್ನು ನೆಡುತ್ತಾರೆ. ಹೊರಗಿನ ಎರಡರ ಮೂಲಕ ನೆಲಕ್ಕೆ ವಿದ್ಯುತ್ ಹಾಯಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜನ್ನು ಅಳೆಯುತ್ತಾರೆ. ಹೊರಗಿನ ಗೂಟಗಳನ್ನು ದೂರ ಸರಿಸಿದಂತೆಲ್ಲ ಹೆಚ್ಚು ಆಳದ ವಿವರ ತಿಳಿಯುತ್ತದೆ. ನೀರು ತುಂಬಿದ ಶಿಥಿಲ ಪದರದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಬಿರುಕಿಲ್ಲದ ಬಂಡೆ ಅದನ್ನು ತಡೆಯುತ್ತದೆ. ಅದರ ನಿರೋಧಕತೆ ಸಾಮಾನ್ಯವಾಗಿ 1000 ಓಮ್-ಮೀಟರಿಗೂ ಹೆಚ್ಚು.

ಇತಿಮಿತಿಗಳು

ಈ ಪರೀಕ್ಷೆ ನೀರನ್ನು ನೇರವಾಗಿ ತೋರಿಸುವುದಿಲ್ಲ. ಜೇಡಿಮಣ್ಣಿನ ನಿರೋಧಕತೆಯೂ ಕಡಿಮೆಯೇ. ಆದರೆ ಅದು ಬಾವಿಗೆ ನೀರು ಬಿಟ್ಟುಕೊಡದು. ಬಹಳ ಆಳದ ಕಿರಿದಾದ ಬಿರುಕು ಕಾಣದೆ ಹೋಗಬಹುದು. ಗಂಟೆಗೆ ಎಷ್ಟು ನೀರು ಬರುತ್ತದೆಂದು ಖಚಿತವಾಗಿ ಹೇಳಲಾಗದು. 100 ಮೀಟರ್ ಆಳ ನೋಡಲು ಅದರ ಹಲವು ಪಟ್ಟು ಉದ್ದದ ಬಯಲು ಬೇಕು. ಯಶವಂತಪುರ, ಆರ್.ಟಿ. ನಗರದಂತೆ ಮನೆಗಳು ತುಂಬಿದ ಕಡೆ ಇದು ಕಷ್ಟ. ಹೂತಿಟ್ಟ ಕೊಳವೆ, ತಂತಿ ಬೇಲಿ, ವಿದ್ಯುತ್ ಮಾರ್ಗಗಳ ಬಳಿ ಅಳತೆ ತಪ್ಪುತ್ತದೆ.

ನೀವು ಮಾಡಬೇಕಾದುದು

1. ಜಮೀನಿನ ಒಂದೇ ಜಾಗದಲ್ಲಲ್ಲ, ಎರಡು ಮೂರು ಕಡೆ ಪರೀಕ್ಷೆ ಮಾಡಿಸಿ ಹೋಲಿಸಿರಿ.

2. ಅಕ್ಕಪಕ್ಕದ ಬಾವಿಗಳ ಆಳ, ನೀರು ಸಿಕ್ಕ ಮಟ್ಟ, ಬತ್ತಿದ ವರ್ಷಗಳನ್ನು ಭೂವಿಜ್ಞಾನಿಗೆ ತಿಳಿಸಿರಿ.

3. ಶಿಥಿಲ ಪದರದ ದಪ್ಪ, ಕೊರೆಯಬೇಕಾದ ಆಳ, ಎಲ್ಲಿ ನಿಲ್ಲಿಸಬೇಕೆಂಬ ಸಲಹೆ, ಇವನ್ನು ಬರಹದಲ್ಲಿ ಪಡೆಯಿರಿ.

4. 2011ರ ಕರ್ನಾಟಕ ಅಂತರ್ಜಲ ಕಾಯಿದೆಯಂತೆ ಅಧಿಸೂಚಿತ ಪ್ರದೇಶದಲ್ಲಿ ಕೊರೆಸಲು ಅನುಮತಿ ಅಗತ್ಯ. ಮೊದಲೇ ವಿಚಾರಿಸಿರಿ.

"ಇಲ್ಲಿ ಕೊರೆಸಬೇಡಿ" ಎಂದು ವರದಿ ಹೇಳಿದರೆ ಪರೀಕ್ಷೆಯ ಹಣ ದಂಡವಾಯಿತೆಂದು ತಿಳಿಯಬೇಡಿ. ಬರಿದಾಗಬಹುದಾಗಿದ್ದ ಬಾವಿಯ ಖರ್ಚು ಉಳಿಯಿತೆಂದೇ ತಿಳಿಯಿರಿ. ಆ ಹಣದಲ್ಲಿ ಕೃಷಿಹೊಂಡ ತೋಡಿಸಿ, ಬದು ಹಾಕಿಸಿರಿ. ಪರೀಕ್ಷೆ ಇರುವ ನೀರಿನ ಸುಳಿವು ಕೊಡಬಲ್ಲದು. ನೆಲಕ್ಕೆ ನೀರು ಇಳಿಸುವ ಕೆಲಸ ಮಳೆಯದು ಮತ್ತು ನಮ್ಮದು.