‘ಪ್ರಿವಲೆಂಟ್’ : ಒಂದು ಪದದ ಪ್ರಯೋಗ ವಿವೇಚನೆ

ಆಂಗ್ಲಭಾಷೆಯ ‘ಪ್ರಿವಲೆಂಟ್’ ಎಂಬ ವಿಶೇಷಣಕ್ಕೆ ‘ವ್ಯಾಪಕವಾದ’, ‘ಪ್ರಚಲಿತವಾದ’ ಎಂಬ ಅರ್ಥಗಳುಂಟು. ಅರ್ಥವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯೂ ಪ್ರಯೋಗದಲ್ಲಿ ಎಡವುವುದುಂಟು. ಪದದ ಅರ್ಥಜ್ಞಾನ ಬೇರೆ, ಔಚಿತ್ಯಜ್ಞಾನ ಬೇರೆ.

ಈ ಪದ ಲ್ಯಾಟಿನ್ ಮೂಲದ್ದು. ‘ಪ್ರೇ’ ಎಂದರೆ ಮುಂದೆ. ‘ವಲೇರೆ’ ಎಂದರೆ ಬಲವುಳ್ಳದ್ದಾಗಿರುವುದು. ‘ಪ್ರ’ ಉಪಸರ್ಗವೂ ‘ಬಲ’ ಶಬ್ದವೂ ಕೂಡಿ ‘ಪ್ರಬಲ’ವಾದುದನ್ನು ಬಲ್ಲವರಿಗೆ ಈ ರಚನೆ ಅಪರಿಚಿತವೆನಿಸದು. ಹಿಂದೆ ಇಂಗ್ಲಿಷಿನಲ್ಲಿಯೂ ಇದಕ್ಕೆ ‘ಪ್ರಬಲವಾದ’ ಎಂಬ ಅರ್ಥವಿತ್ತು. ಬಲವುಳ್ಳದ್ದು ಹರಡುತ್ತದೆ, ಆದುದರಿಂದ ‘ಹರಡಿರುವ’ ಎಂಬ ಅರ್ಥ ಕಾಲಕ್ರಮದಲ್ಲಿ ಮುಂದೆ ಬಂದಿತು.

ಸ್ಥಳವನ್ನು ಹೇಳುವಾಗ ಇದರೊಡನೆ ‘ಇನ್’ ಬರುತ್ತದೆ: ‘ಫ್ಲೋರೋಸಿಸ್ ಈಸ್ ಪ್ರಿವಲೆಂಟ್ ಇನ್ ಪಾರ್ಟ್ಸ್ ಆಫ್ ಕೋಲಾರ್.’ ಜನವರ್ಗವನ್ನು ಹೇಳುವಾಗ ‘ಅಮಂಗ್’ ಬರುತ್ತದೆ: ‘ಅನೀಮಿಯಾ ಈಸ್ ಪ್ರಿವಲೆಂಟ್ ಅಮಂಗ್ ವಿಮೆನ್.’ ರೋಗ, ಪದ್ಧತಿ, ಅಭಿಪ್ರಾಯಗಳಿಗೆ ಇದು ಸಲ್ಲುತ್ತದೆ. ಒಬ್ಬ ವ್ಯಕ್ತಿಗಾಗಲಿ ಒಂದು ಘಟನೆಗಾಗಲಿ ಸಲ್ಲದು.

ಇದರ ಸಮೀಪದ ಪದಗಳೆಲ್ಲ ಸಮಾನವಲ್ಲ. ‘ವೈಡ್‌ಸ್ಪ್ರೆಡ್’ ಒಳಿತು ಕೆಡುಕೆರಡಕ್ಕೂ ಒಪ್ಪುತ್ತದೆ. ‘ಯುಬಿಕ್ವಿಟಸ್’ ಎಂದರೆ ಎಲ್ಲೆಲ್ಲಿಯೂ ಕಾಣುವುದು. ‘ರ‍್ಯಾಂಪಂಟ್’, ‘ರೈಫ್’ ಎಂಬವು ಬಹುಮಟ್ಟಿಗೆ ಕೆಡುಕಿಗೇ ಮೀಸಲು. ‘ಡಿಸಿಪ್ಲಿನ್ ಈಸ್ ರ‍್ಯಾಂಪಂಟ್ ಇನ್ ಅವರ್ ಸ್ಕೂಲ್’ ಎಂದು ವಿದ್ಯಾರ್ಥಿಯು ವರದಿಯಲ್ಲಿ ಬರೆದರೆ, ಶಿಸ್ತೆಂಬುದು ಹತೋಟಿ ತಪ್ಪಿದ ಪಿಡುಗೆಂಬಂತಾಗಿ ಶಾಲೆಯ ಪ್ರಶಂಸೆಯೇ ಅಪಹಾಸ್ಯವಾಗುತ್ತದೆ.

ವೈದ್ಯಶಾಸ್ತ್ರದಲ್ಲಿ ಎಚ್ಚರ ಇನ್ನೂ ಅಗತ್ಯ. ಅಲ್ಲಿ ‘ಪ್ರಿವಲೆನ್ಸ್’ ಎಂದರೆ ಒಂದು ಕಾಲದಲ್ಲಿ ಜನಸಮುದಾಯದಲ್ಲಿರುವ ಒಟ್ಟು ರೋಗಿಗಳ ಪ್ರಮಾಣ. ‘ಇನ್ಸಿಡೆನ್ಸ್’ ಎಂದರೆ ನಿರ್ದಿಷ್ಟ ಅವಧಿಯಲ್ಲಿ ಹೊಸದಾಗಿ ರೋಗ ತಗಲಿದವರ ಪ್ರಮಾಣ. ಉತ್ತಮ ಚಿಕಿತ್ಸೆಯಿಂದ ದೀರ್ಘವ್ಯಾಧಿಯವರು ಹೆಚ್ಚು ಕಾಲ ಬದುಕಿದರೆ, ಹೊಸ ರೋಗಿಗಳು ಕಡಿಮೆಯಾದರೂ ಮೊದಲನೆಯ ಅಂಕಿ ಏರಬಹುದು. ಎರಡನ್ನೂ ‘ಹರಡುವಿಕೆ’ ಎಂದೇ ಅನುವಾದಿಸಿದರೆ ಓದುಗನು ನಿಷ್ಕಾರಣವಾಗಿ ಭೀತನಾಗುತ್ತಾನೆ.

ಕನ್ನಡಕ್ಕೆ ತರುವಾಗ ಎಲ್ಲೆಡೆಯೂ ‘ವ್ಯಾಪಕ’ವೆನ್ನಬೇಕಾಗಿಲ್ಲ. ರೋಗ ಹಬ್ಬುತ್ತದೆ, ಪದ್ಧತಿ ರೂಢಿಯಲ್ಲಿರುತ್ತದೆ, ಕೀರ್ತಿ ಹರಡುತ್ತದೆ, ನಾಣ್ಯ ಚಲಾವಣೆಯಲ್ಲಿರುತ್ತದೆ. ಇಂಗ್ಲಿಷ್ ವಿಶೇಷಣದಿಂದ ಹೇಳುವುದನ್ನು ಕನ್ನಡ ಹಲವೆಡೆ ಕ್ರಿಯಾಪದದಿಂದಲೇ ಹೇಳುತ್ತದೆ.

ಹರಡಿರುವುದು ಯಾವುದು, ಎಲ್ಲಿ, ಅದು ಒಳಿತೋ ಕೆಡುಕೋ ಎಂಬ ಮೂರು ಪ್ರಶ್ನೆಗಳನ್ನು ಅಧ್ಯಾಪಕರು ಮೊದಲು ಕೇಳಿಸಿದರೆ, ತಕ್ಕ ಪದವನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳುವನು.