ಗರಡಿಯ ಮಣ್ಣಿನಲ್ಲಿ ಮನೋಬಲ

ಮಗನು ಗರಡಿಗೆ ಹೋಗುತ್ತೇನೆಂದರೆ ತಾಯಿತಂದೆಯರ ಎದೆ ಝಲ್ಲೆನ್ನುವುದು ಹೊಸತೇನೂ ಅಲ್ಲ. ಮೈಯಲ್ಲಿ ಕಸುವು ತುಂಬಿದಂತೆ ಬುದ್ಧಿ ಬರಿದಾದೀತು, ತೋಳು ದಪ್ಪವಾದಂತೆ ಮಾತು ಒರಟಾದೀತು, ಬೀದಿಯ ಜಗಳಗಳೆಲ್ಲ ಮನೆಯ ಬಾಗಿಲಿಗೆ ಬಂದಾವು ಎಂಬುದು ಅವರ ಅಳುಕು. ಅದೇ ತಾಯಿತಂದೆಯರು ಇಂದು ಮಕ್ಕಳಿಗೆ ಬಿಳಿಯ ಉಡುಪು ತೊಡಿಸಿ ಕರಾಟೆ ತರಗತಿಗೆ ಕಳುಹಿಸುವಾಗ ಎಳ್ಳಷ್ಟೂ ಅಂಜುವುದಿಲ್ಲ! ಅಲ್ಲಿ ಮಕ್ಕಳಿಗೆ ಶಿಸ್ತು ಬರುತ್ತದೆಂದು ಅವರು ನಂಬಿದ್ದಾರೆ. ಆ ನಂಬಿಕೆ ತಪ್ಪಲ್ಲ. ಆದರೆ ಹೊಡೆಯುವ ವಿದ್ಯೆಯನ್ನು ಕಲಿತವನಿಗೆ ಹೊಡೆಯದಿರುವ ಬುದ್ಧಿ ಬರುವುದಾದರೂ ಹೇಗೆ? ಇದಕ್ಕೆ ಉತ್ತರವನ್ನರಸಿ ಜಪಾನಿನವರೆಗೆ ಹೋಗಬೇಕಾಗಿಲ್ಲ. ಹೊಸಕೋಟೆ, ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಬೀದಿಗಳಲ್ಲಿ ವರ್ಷಕ್ಕೊಮ್ಮೆ ಹೊರಡುವ ಕರಗವನ್ನು ಕಣ್ತೆರೆದು ನೋಡಿದವರಿಗೆ ಅದು ತಾನಾಗಿಯೇ ಹೊಳೆಯುತ್ತದೆ.

ಬಿಚ್ಚುಗತ್ತಿಯ ವ್ರತ

ಕರಗಗಳಲ್ಲೆಲ್ಲ ಹೆಸರಾಂತದ್ದು ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದ್ದು. ಚೈತ್ರಮಾಸದ ಹುಣ್ಣಿಮೆಯ ರಾತ್ರಿ ಅದು ಹೊರಡುತ್ತದೆ. ಸ್ವರ್ಗಾರೋಹಣದ ಹಾದಿಯಲ್ಲಿ ಹಿಂದುಳಿದ ದ್ರೌಪದಿಯು ತಿಮಿರಾಸುರನೆಂಬ ದಾನವನನ್ನು ಎದುರಿಸಲು ಆದಿಶಕ್ತಿಯ ರೂಪ ತಾಳಿ, ವೀರಕುಮಾರರ ಪಡೆಯನ್ನು ಸೃಷ್ಟಿಸಿದಳೆಂಬುದು ಐತಿಹ್ಯ. ಆ ಪಡೆಯ ಪರಂಪರೆಗೆ ಸೇರಿದವರು ತಾವೆಂದು ನಂಬುವ ವಹ್ನಿಕುಲ ಕ್ಷತ್ರಿಯರು ಇಂದಿಗೂ ಬಿಚ್ಚುಗತ್ತಿ ಹಿಡಿದು ಕರಗವನ್ನು ಕಾಯುತ್ತಾರೆ.

ಇಕ್ಕಟ್ಟಾದ ಬೀದಿ, ಇಕ್ಕೆಲಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು. ನಡುವೆ ಬರಿಮೈಯ, ಪೇಟ ಧರಿಸಿದ ವೀರಕುಮಾರರ ಸಾಲು. ಒಬ್ಬೊಬ್ಬನ ಕೈಯಲ್ಲಿಯೂ ಹಿರಿದ ಖಡ್ಗ. ರಾತ್ರಿಯೆಲ್ಲ ನಡೆಯುವ ಈ ಮೆರವಣಿಗೆಯಲ್ಲಿ ನೂಕುನುಗ್ಗಲಿಗೆ ಕೊರತೆಯಿಲ್ಲ, ಆವೇಶಕ್ಕೂ ಕೊರತೆಯಿಲ್ಲ. ಆದರೂ ಆ ಖಡ್ಗ ಮೇಲೆದ್ದುದು ಕಾವಲಿಗಾಗಿ. ಅಲಗು ಸೇವೆ ಎಂಬ ವಿಧಿಯಲ್ಲಂತೂ ವೀರಕುಮಾರನು ಅಲಗನ್ನು ತಾಗಿಸಿಕೊಳ್ಳುವುದು ತನ್ನ ಎದೆಗೇ! ಅವರ ನಡುವೆ ಸ್ತ್ರೀವೇಷ ಧರಿಸಿದ ಅರ್ಚಕನು ಹೂವಿನ ಕರಗವನ್ನು ತಲೆಯ ಮೇಲೆ ಹೊತ್ತು, ಅದನ್ನು ಕೈಯಿಂದ ಮುಟ್ಟದೆ ಹೆಜ್ಜೆಯಿಡುತ್ತಾನೆ. ಕತ್ತು, ಬೆನ್ನು, ಉಸಿರು, ಮನಸ್ಸು ಇವುಗಳಲ್ಲಿ ಒಂದು ಹದ ತಪ್ಪಿದರೂ ಕರಗ ನಿಲ್ಲದು. ವ್ರತನಿಯಮಗಳ ಹಿನ್ನೆಲೆಯಿಲ್ಲದೆ ಇಂಥ ಹದ ಒಂದು ರಾತ್ರಿಯಲ್ಲಿ ಬರುವುದುಂಟೆ? ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕರಗಕ್ಕೂ ಗರಡಿ ಮನೆಗಳಿಗೂ ನಿಕಟವಾದ ನಂಟಿರುವುದು ಆಕಸ್ಮಿಕವಲ್ಲ.

ತಲೆ ಬಾಗಿಸುವ ಬಾಗಿಲು

ಹಳೆಯ ಕಾಲದ ಗರಡಿ ಮನೆಯ ಬಾಗಿಲು ಬಹಳ ಗಿಡ್ಡ. ಎಂಥ ಪೈಲ್ವಾನನೇ ಆಗಲಿ, ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಒಳಗೆ ಮಂದವಾದ ಬೆಳಕು, ಗೋಡೆಯಲ್ಲಿ ಆಂಜನೇಯ, ಎದುರಿಗೆ ಮಟ್ಟಿ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ಕರ್ಪೂರಗಳನ್ನು ಬೆರೆಸಿ ಹದಗೊಳಿಸಿದ ಮಣ್ಣು ಅದು. ಆ ಮಣ್ಣನ್ನು ಅಗೆದು ಹದ ಮಾಡುವುದೇ ಹುಡುಗನ ಮೊದಲ ವ್ಯಾಯಾಮ. ಆಮೇಲೆ ದಂಡೆ, ಬಸ್ಕಿ, ಗದೆ ತಿರುಗಿಸುವುದು. ಪಟ್ಟುಗಳ ಪಾಠ ಬರುವುದು ಇವೆಲ್ಲದರ ಅನಂತರ. ಅವಸರದವರಿಗೆ ಅಲ್ಲಿ ಎಡೆಯಿಲ್ಲ.

ಮಟ್ಟಿಗಿಳಿದ ಹುಡುಗನು ಮೊದಮೊದಲು ಕಲಿಯುವುದು ಬೀಳುವುದನ್ನು. ದಿನವೂ ಬೀಳುತ್ತಾನೆ, ಮೈಯ ಮಣ್ಣು ಕೊಡವಿಕೊಂಡು ಏಳುತ್ತಾನೆ. ಸೋಲು ಅವಮಾನವಲ್ಲವೆಂದು ಬೋಧಿಸುವ ಪುಸ್ತಕಗಳು ಎಷ್ಟೋ ಇವೆ; ಮಣ್ಣು ಅದನ್ನು ಮೈಗೇ ಕಲಿಸುತ್ತದೆ. ಎದುರಾಳಿಯ ಹಿಡಿತಕ್ಕೆ ಸಿಕ್ಕಾಗ ಸಿಟ್ಟಾದವನ ಉಸಿರು ಬೇಗ ಬತ್ತುತ್ತದೆ. ಸಮಾಧಾನದಿಂದಿದ್ದವನಿಗೆ ಬಿಡಿಸಿಕೊಳ್ಳುವ ದಾರಿ ಕಾಣುತ್ತದೆ. ಕೋಪವು ದುಬಾರಿಯೆಂಬ ಈ ಲೆಕ್ಕವನ್ನು ಉಸ್ತಾದರು ಬಾಯಿಂದ ಹೇಳಬೇಕಾಗಿಯೇ ಇಲ್ಲ. ಇನ್ನು, ತನ್ನನ್ನು ಕೆಡವಿದವನ ಬೆನ್ನನ್ನೇ ತಾನು ಮಾಲೀಸು ಮಾಡಬೇಕಾದ ಮನೆಯಲ್ಲಿ ಹಗೆ ಎಷ್ಟು ದಿನ ಬಾಳೀತು?

ನೆತ್ತರು ಕಂಡೊಡನೆ ನಿಲ್ಲುವ ಕಾಳಗ

ಕನ್ನಡ ನಾಡಿಗೆ ಈ ವಿದ್ಯೆ ಬಹು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ಅಭ್ಯಾಸ, ಸ್ಪರ್ಧೆಗಳಿಗೆಂದೇ ‘ಮಲ್ಲವಿನೋದ’ವೆಂಬ ಭಾಗವಿದೆ. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಮಹಾನವಮಿಯ ಮಲ್ಲಯುದ್ಧವನ್ನು ಬಣ್ಣಿಸಿದ್ದಾನೆ.

ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ ಆ ಪರಂಪರೆಯ ಕುಡಿ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನಚಾದ ಆಯುಧ ತೊಟ್ಟು ಎದುರುಬದುರಾಗಿ ನಿಲ್ಲುತ್ತಾರೆ. ಒಬ್ಬನ ತಲೆಯಲ್ಲಿ ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯಿತು! ತಿಂಗಳುಗಟ್ಟಲೆ ಸಾಧಿಸಿದ ಬಲವೆಲ್ಲ ಉಕ್ಕಿ ಬಂದ ಆ ಗಳಿಗೆಯಲ್ಲಿಯೇ ಕೈ ತಡೆಯಬೇಕು. ಹೊಡೆತಕ್ಕೆ ಬೇಕಾದ ಬಲಕ್ಕಿಂತ ಈ ತಡೆಗೆ ಬೇಕಾದ ಬಲ ಹಿರಿದಲ್ಲವೆ?

ಬಲಕ್ಕೂ ಸಂಸ್ಕಾರಕ್ಕೂ ವೈರವಿಲ್ಲವೆಂಬುದಕ್ಕೆ ಬೆಂಗಳೂರಿನ ಪ್ರೊಫೆಸರ್ ಕೆ. ವಿ. ಅಯ್ಯರ್ ಅವರ ಬಾಳೇ ಸಾಕ್ಷಿ. ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ ತರುಣರ ಮೈ ಕಟ್ಟಿದವರು ಅವರು. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳನ್ನು ಬರೆದ ಲೇಖನಿಯೂ ಅವರದೇ. ಮುಗ್ಧತೆಗೆ ಮಾದರಿಯಾಗಿದ್ದ ಮುಖವೇ ಕಾಲಾಂತರದಲ್ಲಿ ಪಾಪಕ್ಕೂ ಮಾದರಿಯಾಗುವ ‘ರೂಪದರ್ಶಿ’ಯ ಕಥೆ, ಬಾಳು ಕೆಟ್ಟರೆ ಚೆಲುವಾದ ಮೈಯೂ ಮನುಷ್ಯನನ್ನು ಕಾಯದೆಂಬುದನ್ನು ನೆನಪಿಸುತ್ತದೆ.

ಆಯ್ಕೆ ಹೇಗೆ?

ಗರಡಿಯಿಂದ ಹೊರಟವರೆಲ್ಲ ಸಾಧುಗಳೆನ್ನಲಾಗದು. ಮಣ್ಣಿನ ಮರ್ಯಾದೆಯನ್ನು ಮಣ್ಣಿನಲ್ಲೇ ಬಿಟ್ಟು, ತೋಳನ್ನಷ್ಟೇ ಬೀದಿಗೆ ತಂದವರೂ ಉಂಟು; ತಾಯಿತಂದೆಯರ ಅಳುಕಿಗೆ ಅವರೇ ಕಾರಣ. ಆದುದರಿಂದ ಮಗನನ್ನಾಗಲಿ ಮಗಳನ್ನಾಗಲಿ ಗರಡಿಗೋ ಕರಾಟೆಗೋ ಸೇರಿಸುವ ಮುನ್ನ ಒಂದು ದಿನ ಸುಮ್ಮನೆ ಕುಳಿತು ನೋಡುವುದು ಲೇಸು. ಎಷ್ಟು ಬೇಗ ಯಾವ ಬಣ್ಣದ ಪಟ್ಟಿ ದೊರೆಯುತ್ತದೆಂದು ಕೇಳುವುದಕ್ಕಿಂತ, ಬಿದ್ದವನನ್ನು ಗೆದ್ದವನು ಹೇಗೆ ಎತ್ತುತ್ತಾನೆ, ಗುರು ‘ಸಾಕು’ ಎಂದಾಗ ಎಷ್ಟು ಕೈಗಳು ಒಡನೆಯೇ ನಿಲ್ಲುತ್ತವೆ ಎಂಬುದನ್ನು ಗಮನಿಸಬೇಕು. ಒಂದೇ ಮಾತಿಗೆ ಕೈಗಳೆಲ್ಲ ನಿಲ್ಲುವ ಮನೆಯಾದರೆ, ಮಗುವನ್ನು ಅಲ್ಲಿ ನಿಶ್ಚಿಂತೆಯಿಂದ ಬಿಟ್ಟು ಬರಬಹುದು.