ಕೊಕ್ಕರೆ ರೋಗವೂ ಕೋಳಿಯ ಮೈಬಲವೂ

ಹಳ್ಳಿಯ ಮನೆಯಲ್ಲಿ ಜವಾರಿ ಕೋಳಿಯೆಂಬುದು ಹೆಣ್ಣುಮಕ್ಕಳ ಕೈಗಂಟು. ಸಂತೆಯ ಖರ್ಚಿಗೆ, ಮಕ್ಕಳ ಪುಸ್ತಕಕ್ಕೆ, ಬಂದ ಬೀಗರ ಉಪಚಾರಕ್ಕೆ ಒದಗುವುದು ಅದೇ. ಈ ಗಂಟನ್ನು ಒಂದು ವಾರದಲ್ಲಿ ಕರಗಿಸಿಬಿಡುವ ರೋಗವೊಂದುಂಟು. ಜನ ಅದನ್ನು ಕೊಕ್ಕರೆ ರೋಗವೆನ್ನುತ್ತಾರೆ, ಪಶುವೈದ್ಯರು ರಾಣಿಖೇತ್ ರೋಗವೆನ್ನುತ್ತಾರೆ, ಹೊರದೇಶಗಳಲ್ಲಿ ಅದಕ್ಕೆ ನ್ಯೂಕ್ಯಾಸಲ್ ರೋಗವೆಂದು ಹೆಸರು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಜಾವಾ ದ್ವೀಪದಲ್ಲಿಯೂ ಅದನ್ನು ಗುರುತಿಸಿದರು. ಸ್ವಲ್ಪ ಕಾಲದಲ್ಲಿಯೇ ಕುಮಾವೂನ್ ಬೆಟ್ಟಗಳ ರಾಣಿಖೇತ್‌ನಲ್ಲಿ ಕಾಣಿಸಿಕೊಂಡದ್ದರಿಂದ ನಮ್ಮ ದೇಶದಲ್ಲಿ ಆ ಊರಿನ ಹೆಸರೇ ನಿಂತಿತು. ಕೋಳಿ ಬಾಯ್ದೆರೆದು ಉಸಿರೆಳೆಯುತ್ತದೆ, ಹಸಿರಾಗಿ ಭೇದಿ ಮಾಡುತ್ತದೆ, ರೆಕ್ಕೆ ಜೋಲುಬಿಡುತ್ತದೆ. ಕಡೆಗೆ ಕತ್ತು ತಿರುಚಿಕೊಂಡು ಬೀಳುತ್ತದೆ. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಬಾರದಂತೆ ತಡೆಯಲು ಲಸಿಕೆಯುಂಟು.

ಹಾಗಿದ್ದರೂ ಕಮಲಾಪುರದ ಕಡೆಯ ಹಳ್ಳಿಗಳಲ್ಲಿ ಮಾತನಾಡಿಸಿದರೆ, “ಲಸಿಕೆ ಹಾಕಿಸಿದ್ದೆವು, ಆದರೂ ಸತ್ತವು” ಎಂಬ ಮಾತು ಕೇಳಿಬರುತ್ತದೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಅವರು ಕಂಡದ್ದು ನಿಜ. ಹಾಗೇಕೆ ಆಗುತ್ತದೆಂಬುದನ್ನು ತಿಳಿಯಬೇಕಾದರೆ ಕೋಳಿಯ ಮೈಯೊಳಗೆ ನಡೆಯುವುದನ್ನು ತಿಳಿಯಬೇಕು.

ಈ ರೋಗದ ವೈರಾಣು ಕಣ್ಣು, ಮೂಗು, ಬಾಯಿಗಳ ಮೂಲಕ ಒಳಸೇರುತ್ತದೆ. ಅದರ ಮೈಮೇಲೆ ಎರಡು ಬಗೆಯ ಮುಳ್ಳುಗಳಿವೆ. ಒಂದು ಜೀವಕೋಶಕ್ಕೆ ಅಂಟಿಕೊಳ್ಳಲು, ಇನ್ನೊಂದು ಒಳನುಗ್ಗಲು. ಈ ಎರಡನೆಯ ಮುಳ್ಳು ಕೆಲಸ ಮಾಡಬೇಕಾದರೆ ಕೋಳಿಯದೇ ಆದ ಒಂದು ಕಿಣ್ವ ಅದನ್ನು ಒಂದು ಕಡೆ ಕತ್ತರಿಸಿ ಕೊಡಬೇಕು. ಉಗ್ರವಾದ ವೈರಾಣುವಿನ ಮುಳ್ಳನ್ನು ಮೈಯ ಎಲ್ಲ ಅಂಗಗಳ ಕಿಣ್ವಗಳೂ ಕತ್ತರಿಸಬಲ್ಲವು; ಆದುದರಿಂದ ಅದು ಮಿದುಳಿನವರೆಗೂ ಹಬ್ಬುತ್ತದೆ. ಸೌಮ್ಯ ವೈರಾಣುವಿನ ಮುಳ್ಳನ್ನು ಕತ್ತರಿಸುವ ಕಿಣ್ವ ಇರುವುದು ಉಸಿರಿನ ದಾರಿಯಲ್ಲಿ ಮತ್ತು ಕರುಳಿನಲ್ಲಿ ಮಾತ್ರ. ಅದು ಅಲ್ಲಿಯೇ ಬೆಳೆದು ಅಲ್ಲಿಯೇ ಅಡಗುತ್ತದೆ. ಲಸೋಟಾ, ಎಫ್ ಎಂಬ ಹೆಸರಿನ ಲಸಿಕೆಗಳಲ್ಲಿರುವುದು ಇಂಥ ಸೌಮ್ಯ ವೈರಾಣು, ಅದೂ ಜೀವಂತವಾಗಿ.

ಲಸಿಕೆ ಶಕ್ತಿಯನ್ನು ಕೊಡುವುದಿಲ್ಲ, ಮೈಯನ್ನು ದುಡಿಸುತ್ತದೆ. ರೋಗನಿರೋಧಕ್ಕೆ ಇಂಗ್ಲಿಷಿನವರು ಬಳಸುವ ‘ಇಮ್ಯೂನಿಟಿ’ಯ ಮೂಲ ಲ್ಯಾಟಿನ್ ಶಬ್ದಕ್ಕೆ ಅರ್ಥ, ತೆರಿಗೆ ಮತ್ತು ಬಿಟ್ಟಿ ಸೇವೆಗಳಿಂದ ವಿನಾಯಿತಿ ಎಂದು. ನಮ್ಮ ಶಾಸನಗಳಲ್ಲಿ ಬರುವ ‘ಸರ್ವಬಾಧಾಪರಿಹಾರ’ವೂ ಹೆಚ್ಚುಕಡಿಮೆ ಅದೇ. ಮಳಖೇಡದ ನೆರೆಯಲ್ಲಿ ಬಾಳುವ ನಮಗೆ ಅದು ಅಪರಿಚಿತ ಮಾತಲ್ಲ. ಆದರೆ ದತ್ತಿಯ ವಿನಾಯಿತಿಯನ್ನು ಅರಸ ಕೊಡುತ್ತಿದ್ದ. ಮೈಯ ವಿನಾಯಿತಿಯನ್ನು ಮೈ ತಾನೇ ಗಳಿಸಬೇಕು. ಲಸಿಕೆಯ ಹನಿ ಕಣ್ಣಿಗೆ ಬಿದ್ದೊಡನೆ ಕಣ್ಣಿನ ಹಿಂದಿರುವ ಹಾರ್ಡರ್ ಗ್ರಂಥಿ ಎಚ್ಚರಗೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ಸೋಂಕಿದ ಜೀವಕೋಶಗಳನ್ನು ಹುಡುಕಿ ಕೊಲ್ಲುವ ಕಣಗಳು ಕೆಲಸಕ್ಕೆ ತೊಡಗುತ್ತವೆ. ಸುಮಾರು ಐದು ದಿನಗಳಲ್ಲಿ ನೆತ್ತರಿನಲ್ಲಿ ಪ್ರತಿಕಾಯಗಳು ಕಾಣಿಸುತ್ತವೆ. ಅವು ಏರಿ ಉಚ್ಚಸ್ಥಿತಿಗೆ ಬರಲು ಮೂರು ನಾಲ್ಕು ವಾರ ಬೇಕು. ಲಸಿಕೆ ಹಾಕಿಸಿದ ಮಾರನೆಯ ದಿನವೇ ಕೋಳಿ ಸತ್ತರೆ, ರೋಗ ಮೊದಲೇ ಮೈಹೊಕ್ಕು ಹೊಂಚುಹಾಕುತ್ತಿತ್ತೆಂದೇ ತಿಳಿಯಬೇಕು. ಊರಲ್ಲಿ ಸಾವು ಶುರುವಾದ ಮೇಲೆ ಲಸಿಕೆಗೆ ಓಡುವವರಿಗೆ ಹೀಗಾಗುವುದು ಸಹಜ.

ಪ್ರತಿಕಾಯಗಳ ಈ ವಿದ್ಯೆಯನ್ನು ಲೋಕಕ್ಕೆ ಕಲಿಸಿದ್ದೇ ಕೋಳಿಯೆನ್ನಬಹುದು. ಅದರ ಬಾಲದ ಬುಡದಲ್ಲಿ ಪುಟ್ಟ ಚೀಲವೊಂದಿದೆ. ಇಟಲಿಯ ಪಾದುವಾದ ಫಾಬ್ರಿಸಿಯಸ್ ವರ್ಣಿಸಿದ್ದರಿಂದ ಅದಕ್ಕೆ ಅವನದೇ ಹೆಸರು. ಅದರಿಂದೇನು ಉಪಯೋಗವೆಂಬುದು ಮುನ್ನೂರು ವರ್ಷ ಯಾರಿಗೂ ತಿಳಿಯಲಿಲ್ಲ. ಅಮೆರಿಕದ ಓಹಾಯೊದಲ್ಲಿ ಬ್ರೂಸ್ ಗ್ಲಿಕ್ ಎಂಬಾತ ಈ ಚೀಲವನ್ನು ತೆಗೆದುಹಾಕಿದ್ದ ಕೋಳಿಗಳನ್ನು ಜೊತೆಯ ವಿದ್ಯಾರ್ಥಿಯೊಬ್ಬ ಪಾಠಕ್ಕೆಂದು ಎರವಲು ಒಯ್ದ. ಚುಚ್ಚುಮದ್ದು ಕೊಟ್ಟರೂ ಅವು ಪ್ರತಿಕಾಯಗಳನ್ನು ಮಾಡಲಿಲ್ಲ. ಪಾಠ ಕೆಟ್ಟಿತು, ಶಾಸ್ತ್ರ ಬೆಳೆಯಿತು. 1956ರಲ್ಲಿ ಪ್ರಕಟವಾದ ಈ ಶೋಧದಿಂದಲೇ ಪ್ರತಿಕಾಯ ಮಾಡುವ ಕಣಗಳಿಗೆ, ಮನುಷ್ಯರಲ್ಲಿಯೂ, ‘ಬಿ’ ಎಂಬ ಅಕ್ಷರ ಬಂದದ್ದು. ಅದು ಚೀಲವೆಂಬ ಅರ್ಥದ ‘ಬರ್ಸಾ’ದ ಮೊದಲಕ್ಷರ.

ಇನ್ನು ತಾಯಿಯ ದತ್ತಿ. ಲಸಿಕೆ ಪಡೆದ ಹೇಂಟೆ ತನ್ನ ಪ್ರತಿಕಾಯಗಳನ್ನು ಮೊಟ್ಟೆಯ ಹಳದಿಯೊಳಗಿಟ್ಟು ಮರಿಗೆ ಕೊಡುತ್ತದೆ. ನಾಲ್ಕೈದು ದಿನಗಳಿಗೊಮ್ಮೆ ಅದು ಅರ್ಧಕ್ಕಿಳಿಯುತ್ತದೆ. ಅದು ತುಂಬಿರುವಾಗ ಲಸಿಕೆ ಹಾಕಿದರೆ ತಾಯಿಯ ಪ್ರತಿಕಾಯಗಳೇ ಲಸಿಕೆಯ ವೈರಾಣುವನ್ನು ಹಿಡಿದುಬಿಡುತ್ತವೆ. ಮರಿ ಏನನ್ನೂ ಕಲಿಯುವುದಿಲ್ಲ. ಹಾಗೆಂದು ಕಾಯುತ್ತ ಕುಳಿತರೆ ರೋಗ ಮುಂದಾಗುತ್ತದೆ. ಅದಕ್ಕಾಗಿಯೇ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೆಯ ವಾರದಲ್ಲಿ ಮತ್ತೊಮ್ಮೆ, ಆರರಿಂದ ಎಂಟನೆಯ ವಾರದಲ್ಲಿ ಚುಚ್ಚುಮದ್ದು. ಕಣ್ಣಿನ ಹನಿಯ ವೈರಾಣು ಆ ಜಾಗದಲ್ಲಿಯೇ ಬೆಳೆಯುವುದರಿಂದ ತಾಯಿಯ ತಡೆ ಅದಕ್ಕೆ ಅಷ್ಟಾಗಿ ತಾಗದು. ಕಡೆಯ ಚುಚ್ಚುಮದ್ದು ಆರ್-ಟು-ಬಿ ಎಂಬುದು. ರಾಣಿಖೇತ್ ಇರುವ ಕುಮಾವೂನ್ ಬೆಟ್ಟಗಳಲ್ಲಿಯೇ ಮುಕ್ತೇಶ್ವರದ ಸಂಶೋಧನಾಲಯದಲ್ಲಿ 1940ರ ದಶಕದಲ್ಲಿ ಸಿದ್ಧವಾದದ್ದು. ಇದರ ವೈರಾಣು ಸ್ವಲ್ಪ ಖಾರವಾದದ್ದು. ಎಳೆಯ ಮರಿಗೆ ಕೊಟ್ಟರೆ ಪ್ರಾಣಕ್ಕೇ ಅಪಾಯ.

ಇಷ್ಟು ಶಾಸ್ತ್ರವೂ ಬಿಸಿಲಿನಲ್ಲಿ ಕರಗಿಹೋಗಬಹುದು. ಜೀವಂತ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಕಲಬುರಗಿಯ ಬೇಸಗೆ ನಲವತ್ತನ್ನು ದಾಟುತ್ತದೆ. ನಗರದಲ್ಲಿ ಕೊಂಡ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು, ಹುಮನಾಬಾದ್ ರಸ್ತೆಯ ಬಸ್ಸು ಹತ್ತಿ, ಕೆಂಪು ಬಾಳೆಯ ತೋಟಗಳಿರುವ ಕಮಲಾಪುರದಲ್ಲಿ ಇಳಿಯುವ ಹೊತ್ತಿಗೆ ಅದರೊಳಗಿನ ಜೀವ ಎಷ್ಟು ಉಳಿದಿದ್ದೀತು? ನೀರು ನೀರಾಗಿಯೇ ಕಾಣುತ್ತದೆ. ಸತ್ತದ್ದು ಕಣ್ಣಿಗೆ ತಿಳಿಯದು. ಮಂಜುಗಡ್ಡೆ ತುಂಬಿದ ಥರ್ಮಾಸು ಫ್ಲಾಸ್ಕು ಬೇಕೇಬೇಕು. ಕುಡಿಯುವ ನೀರಿನಲ್ಲಿ ಬೆರೆಸುವವರು ನಲ್ಲಿಯ ಕ್ಲೋರಿನ್ ನೀರನ್ನು ಬಳಸಿದರೂ ಅದೇ ಗತಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಸ್ಪ್ರಾಡ್‌ಬ್ರೋ ಮತ್ತು ಸಂಗಡಿಗರು ಶಾಖವನ್ನು ಹೆಚ್ಚು ತಾಳುವ ಐ-ಟು ಎಂಬ ಲಸಿಕೆಯನ್ನು ಸಿದ್ಧಪಡಿಸಿದ್ದು ಇಂಥ ಹಳ್ಳಿಗಳಿಗಾಗಿಯೇ.

ಇನ್ನೊಂದು ತೊಡಕು ಲೆಕ್ಕದ್ದು. ಒಂದು ಸೀಸೆ ನೂರು ಕೋಳಿಗಳಿಗೋ ಅದಕ್ಕೂ ಹೆಚ್ಚಿಗೋ ಆಗುವಂಥದ್ದು. ಮನೆಯಲ್ಲಿರುವುದು ಎಂಟು ಹತ್ತು. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ನಾಳೆಗೆ ಎತ್ತಿಡುವಂತಿಲ್ಲ. ಒಂದು ಓಣಿಯವರು ಕೂಡಿ, ಕೋಳಿಗಳನ್ನು ಗೂಡಿನಿಂದ ಬಿಡುವ ಮೊದಲು ಬೆಳಗಿನ ಜಾವದಲ್ಲಿ ಹಾಕಿಸಿದರೆ ಸೀಸೆಯೂ ಪೋಲಾಗದು, ಬಿಸಿಲೂ ತಾಗದು. ಹನಿ ಹಾಕುವವರು ತಮ್ಮ ಕಣ್ಣು ಉಜ್ಜಿಕೊಳ್ಳಬಾರದು, ಕಣ್ಣು ಕೆಂಪಾದೀತು.

ಲಸಿಕೆ ರೋಗವನ್ನು ತಡೆಯುತ್ತದೆ, ಆದರೆ ವೈರಾಣು ಮೈಸೇರುವುದನ್ನು ಪೂರ್ತಿ ತಡೆಯುವುದಿಲ್ಲ. ಗಟ್ಟಿಮುಟ್ಟಾಗಿ ಕಾಣುವ ಕೋಳಿಯೂ ಅದನ್ನು ಹೊರಹಾಕುತ್ತಿರಬಹುದು. ಆದುದರಿಂದ ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆ ಬುಟ್ಟಿಯಲ್ಲಿಡಬೇಕು, ಮೊದಲು ಮನೆಯ ಕೋಳಿಗಳಿಗೆ ಕಾಳು ಹಾಕಿ ಆಮೇಲೆ ಅದರ ಬಳಿ ಹೋಗಬೇಕು.